ಹೊಟ್ಟೆಕಿಚ್ಚಿನಿಂದ ಕಲಿತ ಇಂಗ್ಲಿಷು

ದೆಹಲಿಯ ಚಾಣಕ್ಯಪುರಿಯ ಅಗಲ ರಸ್ತೆಗಳಲ್ಲಿ ದೀಪಗಳು ಇನ್ನೂ ಆರಿಲ್ಲ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಅತಿಥಿಗೃಹದ ಗೇಟಿನ ಬಳಿ ನಿಂತರೆ ಮುಂಬಾಗಿಲಿನ ಮೆಟ್ಟಿಲೂ ಕಾಣುವುದಿಲ್ಲ. ಎರಡನೇ ಮಹಡಿಯ ಕೊನೆಯಲ್ಲಿ ಬಕೆಟ್ಟು, ಪೊರಕೆ, ಫಿನಾಯಿಲ್ ಇಡುವ ಪುಟ್ಟ ಕೋಣೆಯೊಂದಿದೆ. ಅಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ನೆಲದ ಮೇಲೆ ಗೋಣಿಚೀಲ ಹಾಸಿ, ಸ್ವೆಟರಿನ ತೋಳನ್ನು ಮೊಣಕೈಯವರೆಗೆ ಸರಿಸಿಕೊಂಡು ಅಹಲ್ಯಾ ಗ್ಲಾಡಿಯೋಲಸ್ ಹೂವಿನ ಕಡ್ಡಿಗಳ ತುದಿ ಕತ್ತರಿಸುತ್ತಿದ್ದಾರೆ. ನೀರು ಐಸಿನಂತಿದೆ. ಬೆರಳುಗಳು ಕೆಂಪಾಗಿವೆ.

ಕೈ ಓಡುತ್ತಿದ್ದಂತೆ ತುಟಿಯೂ ಸಣ್ಣಗೆ ಆಡುತ್ತದೆ. ಕಿವಿಗೊಟ್ಟರೆ ಅದು ದೇವರನಾಮ ಅಲ್ಲ. "ಕಟ್ ದಿ ಸ್ಟೆಮ್. ಲೋವರ್ ಲೀವ್ಸ್ ರಿಮೂವ್. ವಾಟರ್ ಈಸ್ ಡರ್ಟಿ, ಚೇಂಜ್ ದಿ ವಾಟರ್." ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ಕೆಲಸ ಮುಗಿದರೆ ಮಾತೂ ಮುಗಿಯುತ್ತದೆ, ಮುಂದಿನ ಹೂದಾನಿಗೆ ಮತ್ತೆ ಮೊದಲಿನಿಂದ.

ಅಷ್ಟರಲ್ಲಿ ಕೆಳಗಿನ ಊಟದ ಹಾಲಿನಿಂದ ಗಂಡಸಿನ ದನಿಯೊಂದು ಮೆಟ್ಟಿಲ ಸಂದಿಯಲ್ಲಿ ತೇಲಿಬರುತ್ತದೆ. "ಗುಡ್ ಮಾರ್ನಿಂಗ್ ಸರ್, ಸ್ಲೆಪ್ಟ್ ವೆಲ್? ಟುಡೇ ಮಸಾಲೆ ದೋಸಾ, ವೆರಿ ಕ್ರಿಸ್ಪ್." ಬೆಳಗಿನ ವಿಮಾನ ಹಿಡಿಯಬೇಕಾದ ಯಾರೋ ಅತಿಥಿ ನಗುತ್ತಾ ಏನೋ ಹೇಳುತ್ತಾರೆ. ಅಹಲ್ಯಾ ಅವರ ಕತ್ತರಿ ಅರೆಕ್ಷಣ ನಿಲ್ಲುತ್ತದೆ.

"ಕೇಳಿಸ್ತಾ? ಶುರುವಾಯ್ತು," ಎನ್ನುತ್ತಾರೆ ಅವರು. "ನಮ್ಮ ಯಜಮಾನರು."

ಅಹಲ್ಯಾ ಅವರ ಗಂಡ, ಅಡುಗೆ ಮಾಡಿ ಬಡಿಸುವ ಗುಂಡಣ್ಣನವರನ್ನು ಈ ಅತಿಥಿಗೃಹದಲ್ಲಿ ತಿಳಿಯದವರಿಲ್ಲ. ದೆಹಲಿಗೆ ಕೆಲಸದ ಮೇಲೆ ಬರುವ ಕರ್ನಾಟಕದ ಅಧಿಕಾರಿಗಳು, ಪ್ರೊಫೆಸರುಗಳು, ವಿಚಾರಗೋಷ್ಠಿಗಳಿಗೆ ಬರುವ ವಿದೇಶಿಯರು ಎಲ್ಲರೂ ಬಂದ ಮಾರನೆಯ ದಿನವೇ ಅವರನ್ನು ಹೆಸರು ಹಿಡಿದು ಕೂಗುತ್ತಾರೆ. ಅದೇ ಅತಿಥಿಗಳು ಮಲಗೆದ್ದ ಹಾಸಿಗೆಯನ್ನು ಸರಿಮಾಡುವವರು, ಸ್ನಾನದ ಮನೆ ಒರೆಸುವವರು, ಮೇಜಿನ ಮೇಲೆ ಹೂವಿಡುವವರು ಯಾರೆಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಅತಿಥಿಗಳು ತಿಂಡಿಗೆ ಇಳಿದಾಗ ಕೋಣೆಗೆ ಹೋಗಿ, ಅವರು ಮರಳುವಷ್ಟರಲ್ಲಿ ಹೊರಬರುವುದು ಅಹಲ್ಯಾ ಅವರ ಕೆಲಸದ ಮೊದಲ ನಿಯಮ. ಹದಿನಾರು ಕೋಣೆ, ಅಷ್ಟೇ ಹೂದಾನಿ, ಎಲ್ಲವೂ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು.

"ನನಗೆ ಅವರ ಮೇಲೆ ಹೊಟ್ಟೆಕಿಚ್ಚು," ಎನ್ನುತ್ತಾರೆ ಅಹಲ್ಯಾ, ಚಳಿಯ ಬಗ್ಗೆಯೋ ತರಕಾರಿಯ ಬಗ್ಗೆಯೋ ಹೇಳುವಷ್ಟು ಸಲೀಸಾಗಿ. "ಬರ್ಕೊಳ್ಳಿ, ಪರವಾಗಿಲ್ಲ. ಪಕ್ಕದ ಮನೆಯವಳ ಸೀರೆ ನೋಡಿ ಹೊಟ್ಟೆ ಉರ್ಕೊಂಡವಳಲ್ಲ ನಾನು. ಕಟ್ಕೊಂಡ ಗಂಡನ್ನ ನೋಡಿ ಉರ್ಕೊಂಡೆ. ಅದರಿಂದಲೇ ನಾಲ್ಕಕ್ಷರ ಇಂಗ್ಲಿಷ್ ಬಂತು."

ಚನ್ನರಾಯಪಟ್ಟಣದ ಟೈಲರ್ ಒಬ್ಬರ ಮಗಳು ಅಹಲ್ಯಾ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯಗಳಲ್ಲೂ ಪಾಸಾಗಿ ಇಂಗ್ಲಿಷೊಂದರಲ್ಲಿ ಫೇಲಾದರು. ಮತ್ತೊಮ್ಮೆ ಪರೀಕ್ಷೆ ಕಟ್ಟುವ ಮೊದಲೇ ದೆಹಲಿಯಲ್ಲಿ ಕೆಲಸವಿರುವ ಗಂಡು ಸಿಕ್ಕಿತು. ಮದುವೆಯಾಗಿ ಮುನಿರ್ಕಾದ ಓಣಿಯೊಂದರ ಎರಡು ಕೋಣೆಯ ಮನೆಗೆ ಬಂದರು. ಹಿಂದಿ ಬೇಗ ಒಲಿಯಿತು. ತರಕಾರಿಯ ಭಯ್ಯಾನ ಜೊತೆ ಚೌಕಾಸಿ ಮಾಡುತ್ತಾ, ನಲ್ಲಿ ನೀರಿಗೆ ಜಗಳವಾಡುತ್ತಾ ಕಲಿತ ಹಿಂದಿ ಅದು. ಮನೆ ಮಾಲೀಕನ ಹತ್ತಿರ ಮಾತಾಡಬೇಕೆಂದರೆ ಇಂದಿಗೂ ಗುಂಡಣ್ಣ ಹೆಂಡತಿಯನ್ನೇ ಮುಂದೆ ಬಿಡುತ್ತಾರೆ.

ಇಂಗ್ಲಿಷ್ ಮಾತ್ರ ಗಂಡನ ಸೊತ್ತಾಗಿತ್ತು. ಹೋಟೆಲಿನಲ್ಲಿ ತಟ್ಟೆ ತೊಳೆಯಲು ಸೇರಿದ ಗುಂಡಣ್ಣ ಓದಿದ್ದು ಹೆಂಡತಿಗಿಂತ ಕಡಿಮೆ. ಆದರೆ ಕೇಳಿದ್ದನ್ನು ಹಾಗೆಯೇ ಹಿಡಿದುಕೊಳ್ಳುವ ಕಿವಿ ಅವರದು, ತಪ್ಪಾದೀತೆಂಬ ಅಂಜಿಕೆ ಇಲ್ಲದ ಬಾಯಿ. ಮಗಳು ಅನನ್ಯಾ ಶಾಲೆಗೆ ಸೇರಿದ ಮೇಲೆ ಮನೆಯಲ್ಲೂ ಅಪ್ಪ ಮಗಳ ನಡುವೆ ಇಂಗ್ಲಿಷ್ ಓಡಾಡತೊಡಗಿತು. ಅಡುಗೆಮನೆಯಲ್ಲಿ ಅಹಲ್ಯಾ ಚಪಾತಿ ಲಟ್ಟಿಸುತ್ತಿದ್ದರೆ ಆಚೆ ಕೋಣೆಯಲ್ಲಿ ಇಬ್ಬರೂ ಏನೋ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಏನೆಂದು ಕೇಳಿದರೆ ಮಗಳು, "ಮಮ್ಮಿ, ಕನ್ನಡದಲ್ಲಿ ಹೇಳಿದ್ರೆ ಫನ್ನಿ ಇರಲ್ಲ," ಎನ್ನುತ್ತಿದ್ದಳು.

"ಆ ನಗು ನನಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಥರ," ಎಂದು ನೆನೆಯುತ್ತಾರೆ ಅಹಲ್ಯಾ. "ನಗ್ತಿರೋದು ನನ್ನ ಗಂಡ, ನನ್ನ ಮಗಳು. ಅವರಿಬ್ಬರನ್ನ ನೋಡಿ ನಾನು ಹೊರಗಿನವಳ ಥರ ನಿಂತಿರ್ತಿದ್ದೆ."

ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ನಡೆದ ಘಟನೆಯೊಂದು ಆ ಮುಳ್ಳನ್ನು ಇನ್ನಷ್ಟು ಒಳಕ್ಕಿಳಿಸಿತು. ವಿದೇಶದಿಂದ ಬಂದಿದ್ದ ವಯಸ್ಸಾದ ದಂಪತಿ ಎರಡನೇ ಮಹಡಿಯಲ್ಲಿ ಇಳಿದುಕೊಂಡಿದ್ದರು. ಗಂಡ ಗೋಷ್ಠಿಗೆ ಹೋಗಿದ್ದರು. ಅಹಲ್ಯಾ ಟವೆಲ್ ಕೊಡಲು ಬಾಗಿಲು ತಟ್ಟಿದಾಗ ಕೋಣೆಯಲ್ಲಿ ಒಬ್ಬರೇ ಇದ್ದ ಹೆಂಡತಿ ಗೋಡೆ ಹಿಡಿದು ನಿಂತು, ಕ್ಷೀಣ ದನಿಯಲ್ಲಿ ಏನೋ ಹೇಳಿದರು. ಆಕೆ ಹೇಳಿದ್ದು 'ಡಿಝಿ' ಎಂದು, ಅಂದರೆ ತಲೆ ಸುತ್ತುತ್ತಿದೆ ಎಂದು. ಅಹಲ್ಯಾಗೆ ಕೇಳಿಸಿದ್ದು 'ಬಿಝಿ'. ಕೆಲಸದಲ್ಲಿದ್ದಾರೆ, ತೊಂದರೆ ಕೊಡಬಾರದು ಅಂದುಕೊಂಡು ತಲೆಬಾಗಿ, "ಓಕೆ ಮೇಡಂ," ಎಂದು ಬಾಗಿಲು ಎಳೆದುಕೊಂಡು ಬಂದುಬಿಟ್ಟರು.

ಕಾರಿಡಾರಿನ ಕೊನೆಗೆ ಬಂದರೂ ಆ ಮುಖ ಕಣ್ಣಿಂದ ಮರೆಯಾಗಲಿಲ್ಲ. ಕೆಲಸದಲ್ಲಿರುವವರ ಮುಖ ಹಾಗಿರುವುದಿಲ್ಲ ಎನ್ನಿಸಿತು. ವಾಪಸು ಹೋಗಿ, ತಟ್ಟಿದರೂ ಉತ್ತರ ಬಾರದಿದ್ದಾಗ ತಮ್ಮ ಬಳಿಯ ಕೀಲಿಯಿಂದ ಬಾಗಿಲು ತೆಗೆದರು. ಆಕೆ ಮಂಚದ ಪಕ್ಕ ಕುಸಿದಿದ್ದರು. ಅಹಲ್ಯಾ ಆಕೆಯ ತಲೆಯ ಕೆಳಗೆ ದಿಂಬಿಟ್ಟು, ಮೆಟ್ಟಿಲಿಳಿದು ಓಡಿ, ಅಡುಗೆಮನೆಯಿಂದ ಗಂಡನನ್ನು ಎಳೆದುಕೊಂಡು ಬಂದರು. ಗುಂಡಣ್ಣ ಸಕ್ಕರೆ ನೀರು ಕುಡಿಸಿ, ಇಂಗ್ಲಿಷಿನಲ್ಲಿ ಧೈರ್ಯ ಹೇಳಿ, ಡಾಕ್ಟರಿಗೆ ಫೋನ್ ಮಾಡಿಸಿದರು. ಆಕೆ ಚೇತರಿಸಿಕೊಂಡರು.

ಹೊರಡುವ ದಿನ ಆ ದಂಪತಿ ಗುಂಡಣ್ಣನವರ ಕೈ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡರು. ಆಡಳಿತ ಮಂಡಳಿ ಅವರಿಗೆ ಪ್ರಶಂಸಾಪತ್ರ ಕೊಟ್ಟು, ಫೋಟೊಗೆ ಚೌಕಟ್ಟು ಹಾಕಿಸಿ ಸ್ವಾಗತ ಕೌಂಟರಿನ ಪಕ್ಕ ತೂಗುಹಾಕಿತು. ಬಾಗಿಲು ತೆಗೆದವರು ಯಾರೆಂದು ಯಾರೂ ಕೇಳಲಿಲ್ಲ. ಸ್ವಾಗತದ ಕೋಣೆಯ ಧೂಳು ಹೊಡೆಯುವ ಪಾಳಿ ಬಂದಾಗಲೆಲ್ಲ ಗಂಡನ ಫೋಟೊವನ್ನು ಒರೆಸಬೇಕಾದವರೂ ಅಹಲ್ಯಾ ಅವರೇ. ಒಂದೆರಡು ಸಲ ಅದನ್ನು ಬೇಕೆಂದೇ ಒರೆಸದೆ ಬಿಟ್ಟಿದ್ದೂ ಉಂಟಂತೆ.

ಆದರೆ ಅವರನ್ನು ಕಾಡಿದ್ದು ಫೋಟೊ ಮಾತ್ರವಲ್ಲ, ತಾವು ಎಳೆದುಕೊಂಡು ಬಂದ ಆ ಬಾಗಿಲು. ಕೆಲವು ದಿನ ಬಿಟ್ಟು ಒಂದು ಸಂಜೆ, ಮಗಳು ಟ್ಯೂಷನ್ನಿಗೆ ಹೋದಾಗ, ಗಂಡನೊಬ್ಬನಿಗೆ ಅದನ್ನು ಹೇಳಿಕೊಂಡು ಅತ್ತರು. ಗುಂಡಣ್ಣ ಸಮಾಧಾನ ಮಾಡಿದರು. ಇದು ನಮ್ಮಿಬ್ಬರಲ್ಲೇ ಇರಲಿ ಎಂದೂ ಹೇಳಿದರು.

ಮುಂದಿನ ವರ್ಷ ಪ್ರೇರಣಾ ಬಂದರು. ಗುರುಗ್ರಾಮದ ಐ.ಟಿ. ಕಂಪನಿಯೊಂದರಲ್ಲಿ ಕೆಲಸ ಮಾಡುವ, ದಾವಣಗೆರೆ ಮೂಲದ ಈ ಹುಡುಗಿ ರಜಾ ದಿನಗಳಲ್ಲಿ ಮನೆಗೆಲಸದವರಿಗೆ, ಅತಿಥಿಗೃಹಗಳ ಸಿಬ್ಬಂದಿಗೆ ನಿತ್ಯದ ಇಂಗ್ಲಿಷ್ ಹೇಳಿಕೊಡುತ್ತಾರೆ. ಅತಿಥಿಗೃಹದ ಮ್ಯಾನೇಜರ್ ಕೇಶವಮೂರ್ತಿಯವರು ಕ್ಲಾಸಿಗೆ ಜಾಗ ಕೊಟ್ಟರು. ಒಂದೊಂದು ಮಹಡಿಗೂ ಒಬ್ಬ ಉಸ್ತುವಾರಿಯನ್ನು ನೇಮಿಸುವ ಯೋಚನೆ ಅವರಿಗಿತ್ತು. ಅತಿಥಿಗಳೊಡನೆ ಮಾತಾಡಬಲ್ಲವರಿಗೆ ಮಾತ್ರ ಆ ಕೆಲಸ ಎಂದೂ ಹೇಳಿದ್ದರು.

ಅಹಲ್ಯಾ ಮೊದಲ ದಿನವೇ ಹೆಸರು ಕೊಟ್ಟರು. ತಿಂಗಳುಗಟ್ಟಲೆ ಕೂತರೂ ಬಾಯಿ ಬರಲಿಲ್ಲ. ಬೋರ್ಡಿನ ಮೇಲಿನ ಮಾತು ಬೋರ್ಡಿನಲ್ಲೇ ಉಳಿಯಿತು. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಗುಂಡಣ್ಣ ವಾಕ್ಯ ಮುಗಿಯುವ ಮೊದಲೇ ತಿದ್ದುತ್ತಿದ್ದರು. ತಿದ್ದಿ ನಗುತ್ತಿದ್ದರು. ಕ್ಲಾಸಿನಲ್ಲಿ ಹಿಂದಿನ ಸಾಲಿಗೆ ಸರಿದುಕೊಂಡ ಅಹಲ್ಯಾ ಅವರನ್ನು ಪ್ರೇರಣಾ ಗಮನಿಸಿದರು. ಬೋರ್ಡು ಸಾಕು, ಎಲ್ಲಾದರೂ ಹೊರಗೆ ಹೋಗೋಣ ಎಂದರು.

ಕಳೆದ ಫೆಬ್ರುವರಿಯ ಒಂದು ಭಾನುವಾರ ಹೊರಟಿದ್ದು ಗುರುಗ್ರಾಮದಾಚೆಯ ಸೋಹನಾ ಕಡೆಯ ಹೂವಿನ ತೋಟಕ್ಕೆ. ಟೆಂಪೋದಲ್ಲಿ ಹೆಂಗಸರೇ ಹೆಚ್ಚು. ಎಲ್ಲರಿಗೂ ಪುಳಿಯೋಗರೆ ಕಟ್ಟಿಕೊಂಡು, ಬಡಿಸಲು ಜನ ಬೇಕಲ್ಲವೇ ಎನ್ನುತ್ತಾ ಗುಂಡಣ್ಣನೂ ಹತ್ತಿಕೊಂಡರು. ಅಹಲ್ಯಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಗುರುಗ್ರಾಮದ ಎತ್ತರದ ಕಟ್ಟಡಗಳು ಹಿಂದಾಗಿ, ಸಾಸಿವೆ ಹೊಲಗಳ ಹಳದಿ ಶುರುವಾಗಿ, ಕುರುಚಲು ಗುಡ್ಡಗಳು ಕಾಣುವವರೆಗೂ ಗಂಡನ ಹಾಸ್ಯಕ್ಕೆ ಇಡೀ ಟೆಂಪೋ ನಗುತ್ತಿತ್ತು.

ತೋಟ ಇಂದುಶೇಖರ ಅವರದು. ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ದುಡಿದು ನಿವೃತ್ತರಾದ ಅವರು ಊರಿಗೆ ಮರಳದೆ ಇಲ್ಲೇ ಜಮೀನು ಗುತ್ತಿಗೆಗೆ ಹಿಡಿದಿದ್ದಾರೆ. ಬಯಲಿನಲ್ಲಿ ಗ್ಲಾಡಿಯೋಲಸ್, ಗುಲಾಬಿ, ಚೆಂಡು ಹೂವು. ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಹಸಿರುಮನೆಯಲ್ಲಿ ಜರ್ಬೆರಾ. ಮಂಕಿಕ್ಯಾಪ್ ಹಾಕಿಕೊಂಡು ಬಾಗಿಲಲ್ಲೇ ಕಾದಿದ್ದ ಅವರು ಅಂದಿನ ಪಾಠಕ್ಕೆ ಒಂದೇ ಕಟ್ಟಳೆ ಹಾಕಿದರು. ಯಾರೂ ಅರ್ಥ ಕೇಳಬಾರದು. ವಸ್ತುವನ್ನು ಮುಟ್ಟಿ, ಅದರ ಹೆಸರು ಕೇಳಿಸಿಕೊಂಡು, ಏನಾದರೂ ಕೆಲಸ ಮಾಡುತ್ತಾ ಆ ಮಾತನ್ನು ಆಡಬೇಕು.

ಮೊದಲಿಗೆ ಗುಲಾಬಿ ಸಾಲು. ಪ್ರೇರಣಾ ಮೊಗ್ಗನ್ನು ಬೆರಳಲ್ಲಿ ಹಿಡಿದು 'ಬಡ್' ಎಂದರು. ಸಾಲಿನ ಮಣ್ಣು ತಟ್ಟಿ ಇಂದುಶೇಖರ 'ಬೆಡ್' ಎಂದರು. ಅಹಲ್ಯಾಗೆ ಎರಡೂ ಒಂದೇ ಎನಿಸಿ ತಡವರಿಸುತ್ತಿದ್ದಂತೆ ಹಿಂದಿನಿಂದ ಗುಂಡಣ್ಣ ಎರಡನ್ನೂ ಹೇಳಿ ಮುಗಿಸಿದ್ದರು. ಮುಳ್ಳು, ಎಸಳು, ಬೇರು, ಯಾವುದಕ್ಕೆ ಕೈಹಾಕಿದರೂ ಅದೇ ಕಥೆ. ಅಹಲ್ಯಾ ಬಾಯಿ ತೆರೆಯುವಷ್ಟರಲ್ಲಿ ಮಾತು ಗಂಡನ ಬಾಯಲ್ಲಿರುತ್ತಿತ್ತು. ಉಳಿದ ಹೆಂಗಸರು ಭಯ್ಯಾ ಎಷ್ಟು ಜಾಣ ಎಂದು ಹಿಂದಿಯಲ್ಲಿ ಹೊಗಳಿದರು.

ಹಸಿರುಮನೆಯೊಳಗೆ ಹೋದಾಗ ಹೊರಗಿನ ಚಳಿ ಮಾಯವಾಗಿ ಬೆವರಿಳಿಯತೊಡಗಿತು. ಪ್ರೇರಣಾ ಅದನ್ನೇ ಪಾಠ ಮಾಡಿಕೊಂಡರು. ಇಲ್ಲಿ ಹೇಗನಿಸುತ್ತಿದೆ ಎಂದು ಒಬ್ಬೊಬ್ಬರನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಒಬ್ಬಳು ಹಾಟ್ ಎಂದಳು, ಇನ್ನೊಬ್ಬಳು ಥರ್ಸ್ಟಿ ಎಂದಳು. ಮತ್ತೊಬ್ಬಳು ಮಾತು ಸಿಗದೆ ಹಿಂದಿಯಲ್ಲಿ ಚಕ್ಕರ್ ಬರುತ್ತಿದೆ ಎಂದಳು.

"ಡಿಝಿ," ಎಂದರು ಗುಂಡಣ್ಣ. "ಆದರೆ ಆ ಪದ ಮಾತ್ರ ನಮ್ಮ ಮನೆಯವರ ಹತ್ರ ಹೇಳಬೇಡಿ. ಬಾಗಿಲು ಹಾಕ್ಕೊಂಡು ಹೋಗಿಬಿಡ್ತಾರೆ."

ಹಾಗೆಂದು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಹಲ್ಯಾ ತಲೆಬಾಗಿ "ಓಕೆ ಮೇಡಂ" ಎಂದದ್ದನ್ನು ಅಭಿನಯಿಸಿ, ಇಲ್ಲದ ಬಾಗಿಲೊಂದನ್ನು ಎಳೆದು, ಇಡೀ ಕಥೆ ಹೇಳಿದರು. ಎಲ್ಲರೂ ನಕ್ಕರು. ಪ್ರೇರಣಾ ಕೂಡ ನಕ್ಕು, ಅಹಲ್ಯಾ ಅವರ ಮುಖ ಕಂಡು ತಟ್ಟನೆ ನಿಲ್ಲಿಸಿದರು.

ಅಹಲ್ಯಾ ಅಳಲಿಲ್ಲ, ಕೂಗಾಡಲೂ ಇಲ್ಲ. ತಗ್ಗಿದ ದನಿಯಲ್ಲಿ ಕನ್ನಡದಲ್ಲೇ, "ರೀ, ನೀವು ಹೋಗಿ ಗಾಡಿಯಲ್ಲಿ ಕೂತ್ಕೊಳ್ಳಿ," ಎಂದರು.

ಗುಂಡಣ್ಣ ಅದನ್ನೂ ತಮಾಷೆ ಎಂದುಕೊಂಡು ನಗುತ್ತಲೇ ನಿಂತರು.

"ಇದು ನನ್ನ ಕ್ಲಾಸು. ನಿಮ್ಮದಲ್ಲ. ಹೋಗಿ ಅಂದೆ."

ಗುಂಡಣ್ಣನವರ ನಗು ಮುಖದ ಮೇಲೆಯೇ ಹೆಪ್ಪುಗಟ್ಟಿತು. ಸುತ್ತಲೂ ನೋಡಿದರು. ಯಾರೂ ಅವರ ಕಣ್ಣಿಗೆ ಕಣ್ಣು ಕೊಡಲಿಲ್ಲ. ಜರ್ಬೆರಾ ಸಾಲುಗಳ ನಡುವಿನ ಕಿರುದಾರಿಯಲ್ಲಿ ನಡೆದು ಹೊರಹೋದರು. ಪುಳಿಯೋಗರೆಯನ್ನು ಕೊನೆಗೆ ಇಂದುಶೇಖರ ಅವರೇ ಬಡಿಸಬೇಕಾಯಿತು.

"ಅವತ್ತು ಮಧ್ಯಾಹ್ನ ನಾನು ಕಲಿತಿದ್ದೆಲ್ಲ ಕೋಪಕ್ಕೆ ಕಲಿತಿದ್ದು," ಎನ್ನುತ್ತಾರೆ ಅಹಲ್ಯಾ. ಇಂದುಶೇಖರ ಕೈಗೆ ಕತ್ತರಿ ಕೊಟ್ಟರು. ಬಾಗಿದ ಕಡ್ಡಿ ತೋರಿಸಿ 'ಬೆಂಡ್' ಎಂದರು, ಅಹಲ್ಯಾ ಬಾಗಿಸಿದರು. 'ಕಟ್' ಎಂದರು, ಕತ್ತರಿಸಿದರು. ಕಟ್ಟು ಸಡಿಲವಾದರೆ ಲೂಸ್, ಬಿಗಿಯಾದರೆ ಟೈಟ್. ಒಂದು ಕಡೆ ಹನಿ ನೀರಾವರಿಯ ಪೈಪು ತೂತಾಗಿ ನೀರು ಚಿಮ್ಮುತ್ತಿತ್ತು. ಕೆಸರಿನಲ್ಲಿ ಅಹಲ್ಯಾ ಅವರ ಚಪ್ಪಲಿ ಜಾರಿತು. 'ಲೀಕ್' ಎಂದರು ಇಂದುಶೇಖರ, 'ವೆಟ್', 'ಸ್ಲಿಪ್'. ಮಣ್ಣಿನ ಸಾಲಿನ ಮೇಲೆ ಹಾಸಿದ್ದ ಕಪ್ಪು ಪ್ಲಾಸ್ಟಿಕ್ಕು 'ಶೀಟ್'. ರಾತ್ರಿಯ ಹಿಮಕ್ಕೆ ಹೊದಿಸುವುದು 'ಕವರ್'.

ಅಲ್ಲಿಗೆ ಬಂದಾಗ ಅಹಲ್ಯಾ ನಿಂತುಬಿಟ್ಟರಂತೆ. ಬೆಡ್, ಶೀಟ್, ಕವರ್, ಬಕೆಟ್, ಪೈಪ್, ಲೀಕ್. ಇವುಗಳಲ್ಲಿ ಹೊಸ ಮಾತು ಯಾವುದಿದೆ? ದಿನಾ ಬೆಳಗಾದರೆ ತಾವು ಮುಟ್ಟುವ ವಸ್ತುಗಳೇ ಇವೆಲ್ಲ. ಹಾಸಿಗೆಯ ಬದಲು ಇಲ್ಲಿ ಮಣ್ಣಿದೆ, ಅತಿಥಿಯ ಬದಲು ಹೂವು ಮಲಗಿದೆ. ಇಷ್ಟು ದಿನ ಇಂಗ್ಲಿಷ್ ಎಂದರೆ ಗಂಡ ಊಟದ ಹಾಲಿನಲ್ಲಿ ನಗುನಗುತ್ತಾ ಆಡುವ ಮಾತು ಎಂದುಕೊಂಡಿದ್ದೆ, ನನ್ನ ಕೆಲಸಕ್ಕೂ ಒಂದು ಇಂಗ್ಲಿಷ್ ಇದೆಯೆಂದು ಹೊಳೆದೇ ಇರಲಿಲ್ಲ ಎನ್ನುತ್ತಾರೆ ಅವರು.

ಪ್ರೇರಣಾಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿದೆ. "ಅಹಲ್ಯಾ ಅಕ್ಕ ಅವತ್ತು ನನ್ನ ಮೇಲೂ ಸಿಟ್ಟಾಗಿದ್ರು. ನಾನೂ ನಕ್ಕಿದ್ದೆನಲ್ಲ. ಹೊರಡುವ ಹೊತ್ತಿಗೆ ಕ್ಷಮೆ ಕೇಳಿದೆ. ಅವರು ಒಂದು ಬಾಡಿದ ಹೂವು ತೋರಿಸಿ, ಇದಕ್ಕೇನಂತಾರೆ ಅಂತ ಕೇಳಿದ್ರು. ವಿಲ್ಟ್ ಅಂದೆ. ಟೆಂಪೋ ಹತ್ತೋವರೆಗೂ ಅದನ್ನೇ ಹೇಳ್ಕೊಳ್ತಿದ್ರು. ಗುಂಡಣ್ಣನಿಗೆ ಗೊತ್ತಿಲ್ಲದ ಪದ ಅಂತ ಅವರಿಗೆ ಹೇಗೋ ಖಾತ್ರಿಯಾಗಿತ್ತು."

ಖಾತ್ರಿ ಸುಳ್ಳಾಗಲಿಲ್ಲ. ಎರಡು ದಿನ ಗಂಡನೊಡನೆ ಮಾತು ಬಿಟ್ಟಿದ್ದ ಅಹಲ್ಯಾ ಮೂರನೆಯ ದಿನ ಊಟಕ್ಕೆ ಕೂತಾಗ, ಫ್ರಿಜ್ಜಿನಿಂದ ತೆಗೆದ ಕೊತ್ತಂಬರಿ ಸೊಪ್ಪು ಎತ್ತಿ ಹಿಡಿದು ಮಗಳಿಗೆ, "ಸೀ, ವಿಲ್ಟೆಡ್," ಎಂದರು. ಗುಂಡಣ್ಣ ತಲೆಯೆತ್ತಿದರು. ಸೊಪ್ಪನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಅನನ್ಯಾ ಅಪ್ಪನ ಮುಖ ನೋಡಿ ನಕ್ಕಳು. "ಪಪ್ಪಾಗೆ ಗೊತ್ತಿಲ್ಲ," ಎಂದಳು. ಆ ನಗು ಮೊದಲ ಸಲ ತಮ್ಮ ಕಡೆಗಿತ್ತು ಎನ್ನುವಾಗ ಅಹಲ್ಯಾ ಅವರ ಕಣ್ಣು ಈಗಲೂ ಮಿನುಗುತ್ತದೆ.

ಅಲ್ಲಿಂದ ಮುಂದೆ ಅವರು ಹಟಕ್ಕೆ ಬಿದ್ದರು. ಅತಿಥಿಗೃಹಕ್ಕೆ ಹೂವು ಕೊಡುತ್ತಿದ್ದ ವ್ಯಾಪಾರಿ ಹಳೆಯ ಹೂವು ತಂದು ಹಾಕುತ್ತಾನೆ, ತೋಟದಿಂದಲೇ ತರಿಸೋಣ ಎಂದು ಕೇಶವಮೂರ್ತಿಯವರನ್ನು ಒಪ್ಪಿಸಿದರು. ಕೆಲಸದ ಗಾಡಿ ಗುರುಗ್ರಾಮದ ಕಡೆ ಹೋದಾಗಲೆಲ್ಲ ತಾವೂ ಹೋಗಿಬರತೊಡಗಿದರು. ಹೋದಾಗಲೊಮ್ಮೆ ಇಂದುಶೇಖರ ಅವರೊಡನೆ ಸಾಲುಗಳ ನಡುವೆ ಓಡಾಡಿ, ಕಂಡದ್ದಕ್ಕೆಲ್ಲ ಇಂಗ್ಲಿಷ್ ಹೆಸರು ಕೇಳಿಕೊಂಡು ಬರುತ್ತಿದ್ದರು. ಬಿಸಿಲು, ನೆರಳು, ಗಾಳಿ, ಹುಳ. ಚುಚ್ಚಿದರೆ ಏನು, ತುರಿಸಿದರೆ ಏನು, ಒಣಗಿದರೆ ಏನು. ಬಂದ ಮೇಲೆ ಅದೇ ಮಾತನ್ನು ಕೋಣೆಗಳಲ್ಲಿ ಆಡಿ ನೋಡುತ್ತಿದ್ದರು. ವಾಕ್ಯಗಳು ಸರಿಯಾಗಿರುತ್ತಿರಲಿಲ್ಲ. ಅತಿಥಿಗಳಿಗೆ ಅರ್ಥವಾಗುತ್ತಿತ್ತು.

ಗುಂಡಣ್ಣ ಒಂದೆರಡು ಸಲ ತಾನೂ ತೋಟಕ್ಕೆ ಬರುತ್ತೇನೆಂದರು. ಗಾಡಿಯಲ್ಲಿ ಜಾಗವಿಲ್ಲ ಎಂದರು ಅಹಲ್ಯಾ. ಜಾಗವಿತ್ತು.

ಮಳೆಗಾಲದಲ್ಲಿ ಮಹಡಿ ಉಸ್ತುವಾರಿಯ ಆಯ್ಕೆ ನಡೆಯಿತು. ಕೇಶವಮೂರ್ತಿಯವರು ಒಬ್ಬೊಬ್ಬರನ್ನೇ ಖಾಲಿ ಕೋಣೆಗೆ ಕರೆದುಕೊಂಡು ಹೋಗಿ, ಇಲ್ಲೇನೇನು ಸರಿಯಿಲ್ಲ, ಇಂಗ್ಲಿಷಿನಲ್ಲಿ ಹೇಳಿ ಎಂದರು. ಓದಿಕೊಂಡ ಇಬ್ಬರು ಹುಡುಗಿಯರು ನಾಚಿ ನಿಂತರಂತೆ. ಅಹಲ್ಯಾ ಪರದೆಯ ಕೊಕ್ಕೆ ಲೂಸ್ ಎಂದರು, ಸಿಂಕಿನ ಕೆಳಗೆ ಲೀಕ್ ಎಂದರು, ನೆಲ ವೆಟ್, ಅತಿಥಿ ಸ್ಲಿಪ್ ಆಗುತ್ತಾರೆ ಎಂದರು. ಎರಡನೇ ಮಹಡಿ ಅವರ ಪಾಲಿಗೆ ಬಂತು. "ವ್ಯಾಕರಣಕ್ಕೆ ನಾನು ಅಂಕ ಕೊಡೋಕೆ ಕೂತಿರಲಿಲ್ಲ. ಕೋಣೆಯೊಳಗೆ ಏನಾಗ್ತಿದೆ ಅಂತ ನನಗೂ ಅತಿಥಿಗೂ ಹೇಳೋರು ಬೇಕಿತ್ತು, ಅಷ್ಟೇ," ಎನ್ನುತ್ತಾರೆ ಕೇಶವಮೂರ್ತಿ.

ಉಸ್ತುವಾರಿ ಸಿಕ್ಕಿದ ಮೇಲೆ ಮನೆಯಲ್ಲಿ ಗಾಳಿ ತಿರುಗಿತು. ಸ್ಕೂಟರಿನಲ್ಲಿ ಜೊತೆಯಾಗಿ ಕೆಲಸಕ್ಕೆ ಬರುವ ದಾರಿಯುದ್ದಕ್ಕೂ ಮಾತಾಡುತ್ತಿದ್ದ ಗುಂಡಣ್ಣ ಮೌನವಾದರು. ಹೆಂಡತಿಯ ಬಡ್ತಿಗೆ ಸಿಹಿ ಹಂಚುವ ಯೋಚನೆಯೂ ಅವರಿಗೆ ಬರಲಿಲ್ಲ. ಎರಡನೇ ಮಹಡಿಗೆ ಕಾಫಿ ಒಯ್ಯುವ ನೆಪದಲ್ಲಿ ಬಂದು, ಅಹಲ್ಯಾ ಅತಿಥಿಗಳೊಡನೆ ಹೇಗೆ ಮಾತಾಡುತ್ತಾರೆಂದು ಬಾಗಿಲಾಚೆ ನಿಂತು ಕೇಳುತ್ತಿದ್ದರು.

ಅಕ್ಟೋಬರಿನಲ್ಲಿ ಈ ಒಳಮುನಿಸು ಬಯಲಿಗೆ ಬಿತ್ತು. ಸಸ್ಯಶಾಸ್ತ್ರದ ಗೋಷ್ಠಿಗೆಂದು ಬಂದ ಮಹಿಳೆಯೊಬ್ಬರು ತಮ್ಮ ಕೋಣೆಯ ಹೂವು ಇಷ್ಟು ದಿನ ತಾಜಾ ಉಳಿದದ್ದು ಹೇಗೆಂದು ಅಹಲ್ಯಾರನ್ನು ಕೇಳಿದರು. ಅಹಲ್ಯಾ ನಿಧಾನವಾಗಿ, ಮಾತಿಗೆ ಮಾತು ಹುಡುಕಿ ಜೋಡಿಸುತ್ತಾ ಉತ್ತರ ಶುರುಮಾಡಿದರು. ದಿನಾ ನೀರು ಬದಲಿಸುವುದು, ಕಡ್ಡಿಯನ್ನು ಓರೆಯಾಗಿ ಕತ್ತರಿಸುವುದು. ಅರ್ಧಕ್ಕೆ ಬಂದಿದ್ದರು. ಕಾಫಿ ತಟ್ಟೆ ಹಿಡಿದು ಒಳಬಂದ ಗುಂಡಣ್ಣ, "ಮೇಡಂ, ಮೈ ವೈಫ್ ಈಸ್ ಟೆಲ್ಲಿಂಗ್ ದಟ್," ಎಂದು ನಡುವೆ ಬಾಯಿ ಹಾಕಿದರು.

ಅಹಲ್ಯಾ ಗಂಡನ ಕಡೆ ತಿರುಗಿದರು. "ಐ ಆ್ಯಮ್ ಸ್ಪೀಕಿಂಗ್," ಎಂದರು.

ಗುಂಡಣ್ಣ ಕಾಫಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಅಹಲ್ಯಾ ತಮ್ಮ ಮಾತು ಮುಗಿಸಿದರು.

ಅಂದು ಸಂಜೆ ಮನೆಗೆ ಹೋಗುವಾಗ ಗುಂಡಣ್ಣ ದಾರಿಯಲ್ಲಿ ಚಹಾದ ಗಾಡಿಯ ಬಳಿ ಸ್ಕೂಟರ್ ನಿಲ್ಲಿಸಿದರು. ಬೈಯುತ್ತಾರೆಂದುಕೊಂಡ ಅಹಲ್ಯಾ ಅದಕ್ಕೆ ತಯಾರಾಗಿಯೇ ಇಳಿದರು. ಗುಂಡಣ್ಣ ಚಹಾ ಕುಡಿದು ಮುಗಿಸಿದರು.

"ನಿನಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತೆ," ಎಂದರು ಕೊನೆಗೆ. "ಮನೆ ನಡೆಸೋದು ನೀನು. ಅನನ್ಯಾನ್ನ ಇಷ್ಟು ಓದಿಸಿದ್ದೂ ನೀನೇ. ನಾನು ತಟ್ಟೆ ತೊಳೀತಿದ್ದವನು. ಇಂಗ್ಲಿಷ್ ಮಾತಾಡಿದಾಗ ಮಾತ್ರ ಜನ ತಿರುಗಿ ನೋಡ್ತಿದ್ರು. ನನ್ನದು ಅಂತ ಇದ್ದಿದ್ದು ಅದೊಂದೇ. ಅದನ್ನೂ ನೀನು ತಗೊಂಡುಬಿಟ್ರೆ ನನಗೆ ಏನುಳೀತು ಅನ್ನಿಸ್ತು."

ಇಷ್ಟು ವರ್ಷ ಅಹಲ್ಯಾ ಹೊಟ್ಟೆಕಿಚ್ಚು ತಮ್ಮೊಬ್ಬರದೇ ಎಂದುಕೊಂಡಿದ್ದರು. ಎದುರಿಗೆ ಖಾಲಿ ಲೋಟ ಹಿಡಿದು ನಿಂತವನೂ ಅದರಲ್ಲೇ ಬೇಯುತ್ತಿದ್ದಾನೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

"ತೋಟದಲ್ಲಿ ನೀವು ಹಾಗೆ ಹೇಳಬಾರದಿತ್ತು," ಎಂದಷ್ಟೇ ಹೇಳಿದರು.

"ಹೇಳಬಾರದಿತ್ತು," ಎಂದರು ಗುಂಡಣ್ಣ. "ಜನ ನಗ್ತಿದ್ರು ಅಂತ ಹೇಳಿಬಿಟ್ಟೆ. ಗಾಡಿಯಲ್ಲಿ ಕೂತ ಮೇಲೆ ಗೊತ್ತಾಯ್ತು."

ಇಷ್ಟಾದ ಮೇಲೆ ಎಲ್ಲ ಸರಿಹೋಯಿತೇ? ಈ ಪ್ರಶ್ನೆಗೆ ಅಹಲ್ಯಾ ತಲೆಯಾಡಿಸುತ್ತಾರೆ. "ಇಲ್ಲ. ಈಗಲೂ ಕೆಳಗಿಂದ ಅವರ ದನಿ ಕೇಳಿದ್ರೆ ನನಗೆ ಚುರ್ ಅನ್ನುತ್ತೆ. ಅಷ್ಟು ಸರಾಗವಾಗಿ ನನಗೆ ಸಾಯೋವರೆಗೂ ಬರಲ್ಲ. ಅವರಿಗೂ ಅಷ್ಟೇ, ನನ್ನನ್ನ ಯಾರಾದ್ರೂ ಹೊಗಳಿದ್ರೆ ಅವತ್ತು ಸಾಂಬಾರಿಗೆ ಉಪ್ಪು ಜಾಸ್ತಿ." ಆದರೂ ಒಂದು ಬದಲಾವಣೆ ಆಗಿದೆ. ಗುಂಡಣ್ಣ ಈಗ ತಿದ್ದುವುದಿಲ್ಲ. ಹೊಸ ಮಾತು ಕಿವಿಗೆ ಬಿದ್ದರೆ ಏನದು ಎಂದು ಕೇಳುತ್ತಾರೆ. ಅಹಲ್ಯಾ ಕೆಲವನ್ನು ಹೇಳುತ್ತಾರೆ. ಕೆಲವನ್ನು ಒಂದೆರಡು ದಿನ ತಮ್ಮ ಬಳಿಯೇ ಇಟ್ಟುಕೊಂಡು ಆಮೇಲೆ ಹೇಳುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ದೊಡ್ಡದೇನೂ ಇಲ್ಲ. ಮೊದಲನೇ ಮಹಡಿಯಲ್ಲಿ ಕೆಲಸ ಮಾಡುವ ಹೆಂಗಸರನ್ನು ಈ ಫೆಬ್ರುವರಿಯಲ್ಲಿ ತೋಟಕ್ಕೆ ಕರೆದುಕೊಂಡು ಹೋಗಬೇಕು, ಪಾಠವನ್ನು ತಾನೇ ಹೇಳಿಕೊಡಬೇಕು. ಇಂದುಶೇಖರ ಒಪ್ಪಿದ್ದಾರೆ. ಬಾಯಿ ಬಾರದವಳು ಹೇಳಿಕೊಟ್ಟರೆ ಬಾಯಿ ಬಾರದವರಿಗೆ ಅಂಜಿಕೆ ಇರುವುದಿಲ್ಲ ಎಂಬುದು ಅಹಲ್ಯಾ ಅವರ ಲೆಕ್ಕಾಚಾರ.

ಹೊತ್ತೇರಿ ಮಂಜು ತೆಳುವಾಗುತ್ತದೆ. ಹೂದಾನಿಗಳೆಲ್ಲ ಕೋಣೆ ಸೇರಿವೆ. ಮೆಟ್ಟಿಲ ಬುಡದಲ್ಲಿ ಪೆಟ್ಟಿಗೆ ಹಿಡಿದು ಹೊರಟು ನಿಂತ ವಿದೇಶಿ ಮಹಿಳೆಯೊಬ್ಬರು ಅಹಲ್ಯಾರನ್ನು ಕಂಡು ನಿಲ್ಲುತ್ತಾರೆ. ನಾಲ್ಕು ದಿನ ಚೆನ್ನಾಗಿ ನೋಡಿಕೊಂಡಿರಿ ಎಂದು ಹೇಳಿ, ಇಂಗ್ಲಿಷ್ ಯಾರು ಕಲಿಸಿದರು ಎಂದು ಕೇಳುತ್ತಾರೆ. ಊಟದ ಹಾಲಿನ ಬಾಗಿಲಲ್ಲಿ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದ ಗುಂಡಣ್ಣ ಅಂಗಿಯ ಕಾಲರ್ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬರುತ್ತಾರೆ.

ಅಹಲ್ಯಾ ಗಂಡನನ್ನು ಒಮ್ಮೆ ನೋಡುತ್ತಾರೆ. ಅವಸರವಿಲ್ಲದೆ ಮಾತು ಹುಡುಕುತ್ತಾರೆ.

"ಮೆನಿ ಪೀಪಲ್, ಮೇಡಂ," ಎನ್ನುತ್ತಾರೆ. "ಹಸ್ಬೆಂಡ್ ಆಲ್ಸೋ." ಸ್ವಲ್ಪ ತಡೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಸಾಸಿವೆಯಷ್ಟು ಜಾಗ ಬಿಟ್ಟು ತೋರಿಸುತ್ತಾರೆ. "ಲಿಟಲ್."